ನಾಲ್ಕನೇ ನಿಂಬೆಹಣ್ಣು

ಹನ್ನೆರಡು ರಾಕೆಟ್ ಹಾರಿಸಿದ ಗಾಡಿ ಮೂರು ನಿಮಿಷದೊಳಗೆ ಜಾಗ ಖಾಲಿ ಮಾಡಬೇಕು. ಇಲ್ಲದಿದ್ದರೆ ಹೊಗೆಯ ಗುರುತು ಹಿಡಿದು ಶತ್ರುವಿನ ರಾಕೆಟ್ ಅಲ್ಲಿಗೇ ಬಂದು ಬೀಳುತ್ತದೆ. ಈಗಿನ ಗಾಡಿಗಳು ತಾವೇ ಗುರಿಯಿಟ್ಟು ತಾವೇ ಓಡುತ್ತವೆ. ಫಕೀರಪ್ಪ ಹೆಸರಿಗಷ್ಟೇ ಡ್ರೈವರ್. ತೊಳೆಯುವುದು, ಗ್ರೀಸ್ ಹಚ್ಚುವುದು ಅವನ ಪಾಲಿನ ಕೆಲಸ.

ಇವತ್ತು ಮಾತ್ರ ಹನ್ನೆರಡೂ ಹಾರಿಸಿದ ಮೇಲೆ ಗಾಡಿ ಕದಲಲಿಲ್ಲ. "ಚಕ್ರಗಳ ಕೆಳಗೆ ನಾಲ್ಕು ಸ್ಫೋಟಕಗಳಿವೆ" ಎಂದಿತು, ತಣ್ಣಗೆ.

ಗಾಡಿಯೊಳಗೆ ಫಕೀರಪ್ಪನ ಪಕ್ಕ ಕೂತಿದ್ದ ಹವಾಲ್ದಾರ್ ಮುತ್ತಣ್ಣ ಬೆವೆತುಹೋದ. ಫಕೀರಪ್ಪ ಮೆಲ್ಲಗೆ ಬಾಯಿಬಿಟ್ಟ.

"ಅವು ನಿಂಬಿಹಣ್ಣು ಸಾಹೇಬ್ರ. ಇವತ್ತು ಆಯುಧಪೂಜಿ ಅಲ್ಲೇನ್ರಿ? ಗಾಡಿ ಇಲ್ಲಿ ನಿಂತಕೂಡ್ಲೆ ನಾನೇ ಇಟ್ಟೀನ್ರಿ."

"ಪೂಜೆಗೆ ನಿನಗೆ ಇದೇ ಜಾಗ ಸಿಕ್ಕಿತಾ ಮಾರಾಯ? ಇಳಿದು ತೆಗಿ, ಬೇಗ."

ಫಕೀರಪ್ಪ ಜಿಗಿದ. ಮೂರು ಹಣ್ಣು ಸಲೀಸಾಗಿ ಸಿಕ್ಕವು. ನಾಲ್ಕನೆಯದು ರಾಕೆಟ್ ಹಾರಿದ ರಭಸಕ್ಕೆ ಹಿಂದಿನ ಚಕ್ರದಡಿ ಮಣ್ಣಿನಲ್ಲಿ ಹೂತುಹೋಗಿತ್ತು. ಬೋರಲು ಮಲಗಿ, ಉಗುರಿನಿಂದ ಕೆರೆದು, ಕಿತ್ತುಕೊಂಡು ಈಚೆ ಹೊರಳಿದ.

"ದಾರಿ ಸರಿಯಿದೆ" ಎಂದು ಗಾಡಿ ಹೊರಟೇಬಿಟ್ಟಿತು.

"ನಿಲ್ಲಿಸು, ನಮ್ಮವನು ಕೆಳಗಿದ್ದಾನೆ" ಎಂದು ಮುತ್ತಣ್ಣ ಒಳಗಿನಿಂದ ಬಾಗಿಲು ಗುದ್ದಿದ.

"ಸಮಯ ಮುಗಿದಿದೆ" ಎಂದಿತು ಗಾಡಿ.

ಫಕೀರಪ್ಪ ಸ್ವಲ್ಪ ದೂರ ಓಡಿ, ಏದುಸಿರು ಬಿಡುತ್ತ ನಿಂತ. ಹಣ್ಣಿಡುವಾಗ ಅವನು ಬೇಡಿಕೊಂಡಿದ್ದು ಒಂದೇ ಮಾತು: "ಯವ್ವಾ, ನಮ್ಮ ಗಾಡಿಗೆ ಏನೂ ಆಗದಂಗ ನೋಡ್ಕೋ."

ಗಾಡಿ ಕ್ಷೇಮವಾಗಿ ದಿಬ್ಬ ದಾಟಿತು. ಕುಂಕುಮ ಹಚ್ಚಿದ ಹಣ್ಣು ಅವನ ಕೈಯಲ್ಲೇ ಇತ್ತು. ಆಕಾಶದಲ್ಲಿ ಶಿಳ್ಳೆಯ ಸದ್ದು ಶುರುವಾಯಿತು.