ಇಂಡಿಕೇಟರ್ ಕೆಡಿಸಿದವರು

"ವೈರ್ ಕಿತ್ತವನು ನೀನೇ ತಾನೆ?" ಅಪ್ಪ ಬಿಟ್ಟುಹೋದ ಹಳೇ ಬೈಕಿನ ಇಂಡಿಕೇಟರ್ ಸ್ವಿಚ್ಚನ್ನು ಎಡಕ್ಕೂ ಬಲಕ್ಕೂ ತಳ್ಳುತ್ತ ಅಕ್ಕ ತಮ್ಮನನ್ನು ದುರುಗುಟ್ಟಿ ನೋಡಿದಳು. ಒಂದು ದೀಪವೂ ಮಿಟುಕಲಿಲ್ಲ. "ಕೆಟ್ಟು ಕೂತರೆ ಮಾರಿಬಿಡಬಹುದು ಅಂತ!"

"ಹೌದಮ್ಮಾ, ಈ ಮನೆಗೆ ಕಳ್ಳ ಅಂದ್ರೆ ನಾನೊಬ್ಬನೇ," ಎನ್ನುತ್ತ ಅವನು ಬಲ್ಬು ಬದಲಿಸಿದ, ಬ್ಯಾಟರಿ ನೋಡಿದ. ರಾಕ್ಷಸನ ಪ್ರಾಣ ಯಾವ ಗಿಳಿಯಲ್ಲಿದೆಯೋ ಎಂದು ಹುಡುಕುವ ರಾಜಕುಮಾರಿಯಂತೆ ಅವಳು ಅವನ ಬೆರಳುಗಳಿಂದ ಕಣ್ಣು ಕೀಳಲಿಲ್ಲ.

ಸೀಟಿನಡಿ, ಇಂಡಿಕೇಟರಿನ ಕರೆಂಟನ್ನು ಬೈಕಿನ ಕಬ್ಬಿಣಕ್ಕೆ ಸೇರಿಸುವ ಅರ್ತ್ ವೈರು ಗಟ್ಟಿಯಾಗಿಯೇ ಕೂತಿತ್ತು. ಅವನು ಬೋಲ್ಟು ಬಿಚ್ಚಿದ. ಕೆಳಗೆ ನುಣ್ಣನೆಯ ನೀಲಿ ಬಣ್ಣ. ಅಪ್ಪನ ಬೈಕು ಹೊಸದರಂತೆ ಕಾಣಲೆಂದು ಹೋದ ವಾರ ಬೋಲ್ಟು ಬಿಚ್ಚಿ ಅವಳೇ ಬಳಿದದ್ದು.

"ಬಣ್ಣ ದಾಟಿ ಕರೆಂಟು ಹರಿಯಲ್ಲ ಕಣಕ್ಕಾ," ಎಂದು ಅವನು ಮೆಲ್ಲಗೆ ಕೆರೆದು, ಬೋಲ್ಟು ಬಿಗಿದು, ಕೀಲಿಯನ್ನು ಅವಳ ಕೈಗಿಟ್ಟ. "ತಗೋ, ನೀನೇ ಓಡಿಸು."

ಅವಳು ಕೀಲಿ ತಿರುಗಿಸಿ ಸ್ವಿಚ್ಚು ತಳ್ಳಿದಳು; ದೀಪ ಮಿಟುಕಿತು. ತಮ್ಮನ ಮುಖ ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ.