ಯಾವುದೇ ಕೆಂಪು

"ಕನ್ವೀನರ್ ಸರ್, ನೀವೇ ಹೇಳಿ. ಎರಡರಲ್ಲಿ ಕೆಂಪು ಸರಿಯಾಗಿ ಬಂದಿರೋದು ಯಾವುದು?"

ಕಾಲೇಜಿನ ಗ್ರಂಥಪಾಲಕ ಎರಡು ಹಾಳೆಗಳನ್ನು ಮೇಜಿನ ಮೇಲೆ ಹರಡಿ ಕೇಳಿದ. ಅಂಗಡಿಯ ಎರಡು ಬಣ್ಣದ ಲೇಸರ್ ಪ್ರಿಂಟರುಗಳಿಂದ ಆಗಷ್ಟೇ ಹೊರಬಂದ ಹಾಳೆಗಳು, ಇನ್ನೂ ಬೆಚ್ಚಗಿದ್ದವು. ಎರಡರಲ್ಲೂ ಒಂದೇ ಚಿತ್ರ: ಗಿಡದ ಕಾಂಡವನ್ನು ಅಡ್ಡಲಾಗಿ ಕೊಯ್ದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕಾಣುವಂಥದ್ದು. ನೀರು ಹರಿಯುವ ಕೊಳವೆಗಳು ಕೆಂಪು, ಸುತ್ತಲಿನದೆಲ್ಲ ಹಸಿರು.

ಕನ್ವೀನರ್ ಎಂದರೆ ಲೆಕ್ಕದ ಮೇಷ್ಟ್ರು. ಪ್ರಿಂಟರ್ ಆರಿಸುವ ಸಮಿತಿಯಲ್ಲಿ ಅವರಲ್ಲದೆ ಇದ್ದವರು ಈ ಗ್ರಂಥಪಾಲಕ ಮತ್ತು ಸಸ್ಯಶಾಸ್ತ್ರ ಕಲಿಸುವ, ಮಕ್ಕಳ ಬಾಯಲ್ಲಿ 'ಗಿಡದ ಮೇಡಂ' ಆಗಿರುವ ಮೇಷ್ಟ್ರ ಹೆಂಡತಿ. ಹೆಂಡತಿ ಅನ್ನುವುದೆಲ್ಲ ಮನೆಯಲ್ಲಿ. ಕಾಲೇಜಿನ ಗೇಟು ದಾಟಿದರೆ ಇವರು ಸರ್, ಅವರು ಮೇಡಂ. ಒಂದೇ ಸ್ಕೂಟರಿನಲ್ಲಿ ಬಂದಿಳಿದು "ನಮಸ್ಕಾರ ಮೇಡಂ", "ನಮಸ್ಕಾರ ಸರ್" ಎಂದು ಹೇಳಿಕೊಳ್ಳುವುದನ್ನು ನೋಡಲೆಂದೇ ಕೆಲವು ಮಕ್ಕಳು ಬೇಗ ಬರುತ್ತಿದ್ದರು. ಈ ಕಟ್ಟುಪಾಡು ಮೇಷ್ಟ್ರದೇ. ಹೆಂಡತಿ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾನೆ ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಆಡಿಕೊಂಡರೆ ಎಂಬ ಭಯ.

ಆ ಭಯಕ್ಕೇ, ಮೇಡಂ ಬಣ್ಣದ ಪ್ರಿಂಟರ್ ಕೇಳಿದಾಗಲೆಲ್ಲ "ಬಣ್ಣ ಆಡಂಬರ, ಕಪ್ಪು-ಬಿಳುಪು ಸಾಕು" ಎಂದು ಅಡ್ಡಗಾಲು ಹಾಕುತ್ತ ಬಂದಿದ್ದರು. ಕಳೆದ ಪರೀಕ್ಷೆಯಲ್ಲಿ ಇದೇ ಚಿತ್ರ ಕೊಟ್ಟು 'ಕೆಂಪು ಭಾಗವನ್ನು ಹೆಸರಿಸಿ' ಎಂದು ಕೇಳಿದ್ದಕ್ಕೆ ಒಬ್ಬಳು 'ಮೇಡಂ, ಇಲ್ಲಿ ಎಲ್ಲವೂ ಬೂದು' ಎಂದು ಬರೆದಿಟ್ಟಿದ್ದಳು. ಮೇಡಂ ಅವಳಿಗೆ ಪೂರ್ತಿ ಅಂಕ ಕೊಟ್ಟಿದ್ದರು. ಇವತ್ತೂ ಮೇಷ್ಟ್ರು ಮೂಲೆಯಲ್ಲಿದ್ದ ಕಪ್ಪು-ಬಿಳುಪು ಯಂತ್ರದಲ್ಲಿ ಅದೇ ಚಿತ್ರದ ಪ್ರತಿ ತೆಗೆಸಿ, ಬಿಡದೆ ಕೈಯಲ್ಲಿ ಹಿಡಿದುಕೊಂಡಿದ್ದರು. ಅವರು ಬಣ್ಣ ಬೇಡವೆಂದರೆ, ಆ ಯಂತ್ರ ಸವೆಯುವ ತನಕ ಮೇಡಂ ಕ್ಲಾಸಿಗೆ ಬೂದು ಗಿಡಗಳೇ ಗತಿ.

ಅಷ್ಟು ಹೊತ್ತೂ ಅವರು ಅಂಗಡಿಯಾಕೆಯನ್ನು ಪ್ರಶ್ನೆ ಕೇಳಿ ಕೇಳಿ ಹಿಂಡಿ ಹಿಪ್ಪೆ ಮಾಡಿದ್ದರು. ಹಾಳೆಯ ಎರಡೂ ಬದಿ ತಾನಾಗಿಯೇ ಅಚ್ಚಾಗುತ್ತದೆಯೇ, ಉತ್ತರಪತ್ರಿಕೆಯ ಕಟ್ಟು ಇಟ್ಟರೆ ಒಂದೊಂದಾಗಿ ಎಳೆದುಕೊಂಡು ಸ್ಕ್ಯಾನ್ ಮಾಡುತ್ತದೆಯೇ, ಟೋನರ್ ಎಷ್ಟು ದಿನ ಬರುತ್ತದೆ. ಕೇಳದೆ ಬಿಟ್ಟದ್ದು ಬಣ್ಣವೊಂದನ್ನೇ. ಈಗ ಹಾಳೆಗಳ ಮೇಲೆ ಬಗ್ಗಿ ಕನ್ನಡಕ ಏರಿಸಿದರು, ಇಳಿಸಿದರು, ಮೆಲ್ಲಗೆ ಹೆಂಡತಿಯ ಕಡೆ ನೋಡಿದರು. ಮನೆಯಲ್ಲಾಗಿದ್ದರೆ, ಸಾಕ್ಸ್ ಜೋಡಿ ಮಾಡುವಾಗ ಹೀಗೆ ತಡವರಿಸಿದರೆ, ಆಕೆ ಮೊಣಕೈಯಲ್ಲಿ ತಿವಿದು ಹೇಳಿಬಿಡುತ್ತಿದ್ದರು. ಇಲ್ಲಿ ಮೇಡಂ ಕಟ್ಟುಪಾಡಿನಂತೆ ಗೋಡೆಯ ಗಡಿಯಾರ ನೋಡುತ್ತ ನಿಂತಿದ್ದರು.

ಮೇಷ್ಟ್ರು ಹೆಂಡತಿಯ ಕಡೆ ವಾಲಿದರು. ಪಿಸುಗುಡಲು ಹೋದದ್ದು ಇಡೀ ಅಂಗಡಿಗೆ ಕೇಳಿಸಿತು.

"ಯಾವುದೇ ಕೆಂಪು?"

ಗ್ರಂಥಪಾಲಕನ ಕಿವಿಗೆ ಗೊತ್ತಿದ್ದದ್ದು ಪುಸ್ತಕದ ಕನ್ನಡ. "ಯಾವುದೇ ಕೆಂಪು ಆದ್ರೂ ನಡೆಯುತ್ತೆ ಅಂತಾನಾ ಸರ್?"

ಪಾರಾಗಲು ಬಾಗಿಲು ತೆರೆದೇ ಇತ್ತು. ಹೂಂ ಎಂದಿದ್ದರೆ ಸಾಕಿತ್ತು. ಮೇಷ್ಟ್ರು ಕೈಯಲ್ಲಿದ್ದ ಬೂದು ಹಾಳೆಯನ್ನು ನೋಡಿದರು, ಮೇಜಿನ ಮೇಲಿದ್ದವನ್ನು ನೋಡಿದರು, ಗಡಿಯಾರದಿಂದ ಕಣ್ಣು ಕೀಳದೆ ತುಟಿ ಕಚ್ಚಿಕೊಂಡಿದ್ದ ಹೆಂಡತಿಯನ್ನು ನೋಡಿದರು.

"ಅಲ್ಲಪ್ಪ. 'ಯಾವುದು, ಹೇಳೇ' ಅಂತ ಇವಳನ್ನ ಕೇಳಿದ್ದು. ನನಗೆ ಕೆಂಪು ಯಾವುದು, ಹಸಿರು ಯಾವುದು ಗೊತ್ತಾಗಲ್ಲ. ಹುಟ್ಟಿದಾಗಿಂದ ಹೀಗೇ."

ಗ್ರಂಥಪಾಲಕ ಒಂದು ಗಳಿಗೆ ಯೋಚಿಸಿದ. "ಹಾಗಾದ್ರೆ ಅವತ್ತು ಪೇಪರೆಲ್ಲ ಹಸಿರು ಪೆನ್ನಲ್ಲಿ ತಿದ್ದಿದ್ದು? ಹೊಸ ರೂಲ್ಸ್ ಬಂದಿದೆ ಅಂದ್ಕೊಂಡು ಸ್ಟಾಫ್ ರೂಮಲ್ಲಿ ಎಲ್ರೂ ಹಸಿರು ಪೆನ್ನು ಕೊಂಡ್ಕೊಂಡ್ರಲ್ಲ ಸರ್."

ಮೊದಲು ನಕ್ಕವರು ಮೇಡಂ. ಆಮೇಲೆ ಅಂಗಡಿಯಾಕೆ, ಗ್ರಂಥಪಾಲಕ. ಕೊನೆಗೆ ಮೇಷ್ಟ್ರೂ ಕುರ್ಚಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಇಷ್ಟು ವರ್ಷ ಮುಚ್ಚಿಟ್ಟದ್ದು ಇಷ್ಟು ಹಗುರಾಗಿ ಹೊರಬಿತ್ತಲ್ಲ ಎಂದು ಅವರಿಗೇ ಖುಷಿಯಾಗಿತ್ತು.

"ಕಾಣದೇ ಇರೋ ನಾನು ಬಣ್ಣ ಬೇಡ ಅಂತ ಹಟ ಹಿಡಿದು ಕೂತಿದ್ದೆ," ಎಂದರು ನಗು ತಣಿದ ಮೇಲೆ. "ನನ್ನ ಕಣ್ಣನ್ನೇ ಮಕ್ಕಳಿಗೆಲ್ಲ ಹಚ್ಚಿ ಪರೀಕ್ಷೆಗೆ ಕೂರಿಸಿಬಿಟ್ಟೆ. ಬಣ್ಣದ್ದೇ ತಗೊಳ್ಳೋಣ. ಮೇಡಂ, ನೀವೇ ಆರಿಸಿ."

ಮೇಡಂ ಹಾಳೆಗಳ ಮೇಲೆ ಕಣ್ಣು ಹಾಯಿಸಿದರು. ಅವರಿಗದು ಆಗಲೇ ಗೊತ್ತಿತ್ತು. "ಎಡಗಡೇದು, ರೀ."

ಎಲ್ಲರೆದುರಿಗೆ ಆ 'ರೀ' ಕೇಳಿ ಮೇಷ್ಟ್ರ ಕಿವಿ ಕೆಂಪಾಯಿತು. ಅದು ಅಲ್ಲಿದ್ದವರಿಗೆಲ್ಲ ಚೆನ್ನಾಗಿ ಕಾಣಿಸಿತು.

ಅಂಗಡಿಯಾಕೆ ಪೆನ್ನು ತೆಗೆದಳು. "ಸರ್, ಈ ಮಾಡೆಲ್ ಬಿಳೀದೂ ಇದೆ, ಕಪ್ಪೂ ಇದೆ. ಯಾವುದು ಕಳಿಸ್ಲಿ?"

"ಇದನ್ನ ನನಗೆ ಬಿಡಿ," ಎಂದು ಮೇಷ್ಟ್ರು ಎದೆ ಸೆಟೆಸಿಕೊಂಡು ಮುಂದೆ ಬಂದರು. ಬಿಳಿಯದರ ಮೈ ಸವರಿದರು. ಕಪ್ಪನೆಯದರ ಮುಚ್ಚಳ ತೆಗೆದು ಹಾಕಿದರು. ಎರಡು ಹೆಜ್ಜೆ ಹಿಂದೆ ಸರಿದು ಎರಡನ್ನೂ ಗಂಭೀರವಾಗಿ ದಿಟ್ಟಿಸಿದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು.

"ಯಾವುದೇ?"