ಹತ್ತನೆಯ ಪ್ರಶ್ನೆ

ಚೀನಾದ ಸಣ್ಣ ಊರೊಂದರ ಹೈಸ್ಕೂಲು. ಇಂಗ್ಲಿಷ್ ಪರೀಕ್ಷೆಯ ಉತ್ತರ ಪತ್ರಿಕೆ ನೋಡುತ್ತಿದ್ದ ಫಾನ್ ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ. ಹಾಸ್ಟೆಲಿನ ಹುಡುಗಿ ಸುಯೂನ್‌ಗೆ ಓದಿ ಉತ್ತರಿಸುವ ಭಾಗದಲ್ಲಿ ಪೂರ್ತಿ ಅಂಕ. ಕೇಳಿ ಉತ್ತರಿಸುವ ಭಾಗದಲ್ಲಿ ಒಂದೇ ಒಂದು ತಪ್ಪು, ಅದೂ ನೀರು ಕುಡಿದಷ್ಟು ಸುಲಭವಾದ ಹತ್ತನೆಯ ಪ್ರಶ್ನೆಯಲ್ಲಿ.

ಅವಳನ್ನು ಕರೆಸಿ, ಪರೀಕ್ಷೆಯಲ್ಲಿ ಕೇಳಿಸಿದಂತೆಯೇ ಆ ಸಂಭಾಷಣೆಯನ್ನು ಎರಡು ಸಲ ಕೇಳಿಸಿದರು. ತಾಯಿಯೊಬ್ಬಳು ಫೋನಿನಲ್ಲಿ ಮಗಳೊಡನೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು.

“ಏನಂದಳು?”

“ಹೊಸ ವರ್ಷದ ಹಬ್ಬಕ್ಕೆ ಖಂಡಿತ ಬರ್ತೀನಿ ಅಂದಳು.”

“ಸರಿಯಾಗೇ ಕೇಳಿಸ್ಕೊಂಡಿದ್ದೀಯ. ಮತ್ತೆ ‘ತಾಯಿ ಬರುವುದಿಲ್ಲ’ ಅನ್ನೋ ಉತ್ತರಕ್ಕೆ ಯಾಕೆ ಗುರುತು ಹಾಕಿದೆ?”

ದೂರದ ಕಾರ್ಖಾನೆಯಲ್ಲಿ ದುಡಿಯುವ ಅಮ್ಮ ಮೂರು ವರ್ಷದ ಹಿಂದೆ ಬಂದಾಗ ತಂದುಕೊಟ್ಟ ಸ್ವೆಟರು ಅವಳ ಮೈಮೇಲಿತ್ತು. ಈಗ ಮಣಿಕಟ್ಟಿನವರೆಗೂ ಬಾರದ ಅದರ ತೋಳನ್ನು ಕೆಳಗೆಳೆದುಕೊಳ್ಳುತ್ತ ಸುಯೂನ್ ಮೆಲ್ಲಗೆ ಹೇಳಿದಳು:

“ಬರೋರು ಖಂಡಿತ ಅನ್ನಲ್ಲ ಮೇಷ್ಟ್ರೇ. ರೈಲು ಎಷ್ಟು ಗಂಟೆಗೆ ಅಂತ ಹೇಳ್ತಾರೆ.”